ಕರಡಿಗೆಯ ನೆರಳು

ಶಿವಯೋಗಪ್ಪ ತಮ್ಮನ ಕಬ್ಬಿಣ ಕಡೆಯುವ ಲೇತ್ ಅಂಗಡಿಯ ಎದುರಿಗೇ ಕುಸಿದು ಕೂತಿದ್ದ. ಅಂಗಡಿಯೊಳಗೆ ಫ್ಯಾನಿತ್ತು, ಕುರ್ಚಿಯಿತ್ತು, ಮಡಕೆಯಲ್ಲಿ ತಣ್ಣನೆಯ ನೀರಿತ್ತು. ಆದರೂ ಆತ ಕೂತದ್ದು ರಸ್ತೆಯಾಚೆಯ ಮೋರಿ ಕಲ್ಲಿನ ಮೇಲೆ, ಸುಡುವ ಬಿಸಿಲಲ್ಲಿ, ಎದೆಯನ್ನು ಎರಡೂ ಕೈಯಿಂದ ಅವುಚಿಕೊಂಡು.

ಬಕ್ಕೇಶಪ್ಪ ಒಂದು ಶಾಫ್ಟಿಗೆ ಕೊನೆಯ ಕಟ್ ಕೊಡುತ್ತಿದ್ದವನು ತಲೆಯೆತ್ತಿ ನೋಡಿದ. ಮೊದಲು ಬಂದದ್ದು ಸಿಟ್ಟೇ. ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ದಾವಣಗೆರೆಯಿಂದ ಹರಿಹರಕ್ಕೆ ಬಂದ ಅಣ್ಣ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ದಣಿದರೂ ತಮ್ಮನ ಹೊಸ್ತಿಲು ತುಳಿಯಲಾರ. ಕೂತಿರಲಿ, ಒಣಗಲಿ ಅಂದುಕೊಂಡ. ಮರುಗಳಿಗೆಗೆ ಅಣ್ಣನ ಮುಖದ ಬಣ್ಣ ಕಂಡಿತು. ಆರಿದ ಒಲೆಯ ಬೂದಿಯ ಬಣ್ಣ. ಬಕ್ಕೇಶಪ್ಪ ಮಷಿನ್ ಬಂದ್ ಮಾಡದೆಯೇ ರಸ್ತೆ ದಾಟಿ ಓಡಿದ.

"ಏನಾತು?"

"ಎದಿ ಸೀಳಿದಂಗಾತು. ಈಗ ಬೆನ್ನಿಗೆ ಹೊಂಟೈತೆ."

"ನೀರು ತರ್ತೀನಿ ತಡಿ."

"ಬ್ಯಾಡ." ಅಷ್ಟು ನೋವಿನಲ್ಲೂ ಆ ಮಾತು ಮಾತ್ರ ಸ್ಪಷ್ಟವಾಗಿ ಬಂತು.

ಆ ಒಂದು 'ಬ್ಯಾಡ'ದ ಹಿಂದೆ ಹನ್ನೆರಡು ವರ್ಷದ ಮುನಿಸಿತ್ತು. ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ ಇಬ್ಬರ ಕೊರಳಲ್ಲೂ ಇತ್ತು. ಒಂದು ದಿನ ಬಕ್ಕೇಶಪ್ಪ ಲೇತಿನ ಮೇಲೆ ಬಗ್ಗಿದಾಗ ಲಿಂಗ ಕಟ್ಟಿದ ಶಿವದಾರ ಕಬ್ಬಿಣ ಕಚ್ಚಿ ತಿರುಗುವ ಚಕ್ಕಿಗೆ ಸಿಕ್ಕಿತು. ದಾರ ಹರಿದದ್ದಕ್ಕೆ ಕುತ್ತಿಗೆ ಉಳಿಯಿತು. ಲಿಂಗ ಹಾರಿ ಕಬ್ಬಿಣದ ಚೂರಿನ ರಾಶಿಯಲ್ಲಿ ಬಿತ್ತು. ಅಂದಿನಿಂದ ಅದನ್ನು ಮನೆಯ ಜಗಲಿಯ ಮೇಲಿಟ್ಟು ಬರಿಗೊರಳಲ್ಲಿ ಕೆಲಸಕ್ಕೆ ಬಂದ. ಶಿವಯೋಗಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. "ಮೈಮ್ಯಾಲಿಂದ ಇಳಿಸಿದ ಮ್ಯಾಲೆ ನೀನು ಭವಿ. ಭವಿ ಕೈಯಾಗಿನ ನೀರು ನಂಗೆ ಬ್ಯಾಡ," ಎಂದ. ಬಕ್ಕೇಶಪ್ಪನೂ ಸುಮ್ಮನಿರುವ ಆಸಾಮಿಯಲ್ಲ. "ನೀರು ಕುಡೀದಿದ್ರೆ ನನ್ನ ಗಂಟೇನು ಹೋತು," ಎಂದಿದ್ದ. ಮಾತು ಅಲ್ಲಿಗೇ ನಿಂತಿತ್ತು.

ಈಗ ಆ ಅಣ್ಣನನ್ನು ಎರಡೂ ತೋಳಿನಲ್ಲಿ ಎತ್ತಿ ಬಾಡಿಗೆ ಕಾರಿಗೆ ಹಾಕಿದ. ಹರಿಹರದ ಡಾಕ್ಟರು ಇ.ಸಿ.ಜಿ. ತೆಗೆದು, ತುಟಿ ಕಚ್ಚಿ, "ಇಲ್ಲಿ ಬ್ಯಾಡ, ದಾವಣಗೆರೆಗೆ ನಡೀರಿ," ಅಂದರು. ಕಾರು ಹೊರಟಿತು. ಲಾರಿಗಳನ್ನು ಹಿಂದಿಕ್ಕಲು ಹೆದರುತ್ತಿದ್ದ ಡ್ರೈವರನಿಗೆ ಬಕ್ಕೇಶಪ್ಪ ದಾರಿಯುದ್ದಕ್ಕೂ ಬೈದ. ಬೈಯುವುದನ್ನು ನಿಲ್ಲಿಸಿದರೆ ಅಣ್ಣನ ನರಳಾಟ ಕೇಳಬೇಕಾಗುತ್ತಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಕಾಯುತ್ತಲೇ ಇದ್ದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಟ್ರೇಗೆ ಬಂದಿತ್ತು. ನರ್ಸು ಸೀಸೆಯ ಮುಚ್ಚಳ ಬಿಚ್ಚುವಷ್ಟರಲ್ಲಿ ಡಾಕ್ಟರು ಶಿವಯೋಗಪ್ಪನ ಎರಡೂ ಮಣಿಕಟ್ಟು ಹಿಡಿದು ನೋಡಿದರು. ಬಲಗೈ ನಾಡಿ ದಬದಬ ಬಡಿಯುತ್ತಿತ್ತು. ಎಡಗೈಯದು ಸಿಕ್ಕೂ ಸಿಗದಂತಿತ್ತು.

"ಎಡಗೈ ಹೆಂಗೈತೆ ಯಜಮಾನ್ರೆ?"

"ಜೋಮು ಹಿಡಿದಂಗೈತೆ. ಮುಷ್ಟಿ ಕಟ್ಟಾಕೆ ಆಗವಲ್ದು."

ಡಾಕ್ಟರು ನರ್ಸಿಗೆ ತಡೆಯಲು ಸನ್ನೆ ಮಾಡಿ ಬಕ್ಕೇಶಪ್ಪನನ್ನು ಬಾಗಿಲ ಹತ್ತಿರ ಕರೆದರು. "ನೋಡ್ರಿ, ಇದು ಎರಡರಾಗೆ ಒಂದು. ಹೃದಯದ ನಾಳ ಕಟ್ಟಿದ್ರೆ ಈ ಇಂಜೆಕ್ಷನ್ ಜೀವ ಉಳಿಸ್ತೈತೆ, ತಡ ಮಾಡ್ದಷ್ಟೂ ಹೃದಯ ಸಾಯ್ತೈತೆ. ಆದ್ರೆ ಹೃದಯದಿಂದ ಹೊರಡೋ ದೊಡ್ಡ ನಾಳದ ಒಳಪದರ ಹರಿದಿದ್ರೆ ಇದೇ ಇಂಜೆಕ್ಷನ್ ಜೀವ ತೆಗೀತೈತೆ. ಹೊರಗಿಂದ ಎರಡೂ ಒಂದೇ ತರ ಕಾಣ್ತಾವೆ. ಒಳಗೆ ನೋಡ್ಬೇಕು."

"ಮತ್ತೆ ನೋಡ್ರಿ. ನನ್ನ ಮುಖ ಏನು ನೋಡ್ತೀರಿ."

ಒಳಗೆ ನೋಡುವ ಯಂತ್ರ ಆ ಊರಿಗೆ ಹೊಸತು. ಹಿಂದಿನ ಸಿ.ಟಿ. ಮಷಿನ್ ಎದೆಯನ್ನು ಬ್ರೆಡ್ಡು ಕೊಯ್ದಂತೆ ಒಂದೊಂದೇ ಹೋಳಾಗಿ ತೆಗೆಯುತ್ತಿತ್ತು. ಪ್ರತಿ ಹೋಳಿಗೂ ಉಸಿರು ಹಿಡಿ, ಬಿಡು, ಮತ್ತೆ ಹಿಡಿ. ನೋವಿನಲ್ಲಿದ್ದವನು ನಡುವೆ ಕೆಮ್ಮಿದರೆ ಹೋಳುಗಳ ಲೆಕ್ಕ ತಪ್ಪಿ, ಇರುವ ರೋಗ ಎರಡು ಹೋಳಿನ ಸಂದಿಯಲ್ಲಿ ಕಳೆದುಹೋಗುತ್ತಿತ್ತು. ಹೊಸದು ಹಾಗಲ್ಲ. ಬಳೆಯಂಥ ದೊಡ್ಡ ಉಂಗುರದೊಳಗೆ ಎಕ್ಸ್‌ರೇ ಕಣ್ಣು ನಿಲ್ಲದೆ ಸುತ್ತುತ್ತದೆ, ಮಲಗಿಸಿದ ಮಂಚ ಅದರೊಳಗೆ ಸರಿಯುತ್ತದೆ, ಒಂದೇ ಉಸಿರಿನಲ್ಲಿ ಇಡೀ ಎದೆ ಮುಗಿಯುತ್ತದೆ.

ಯಂತ್ರ ನಡೆಸುವ ಅಶ್ಫಾಕ್ ತೆಳ್ಳನೆಯ, ಮೆತ್ತನೆ ಮಾತಿನ ಆಳು. ಶಿವಯೋಗಪ್ಪನ ಬಲಗೈಗೆ ಸೂಜಿ ಚುಚ್ಚುವಾಗಲೇ ಪ್ರಶ್ನೆ ಶುರು ಮಾಡಿದ. ನಾಳ ಕಾಣಲು ಒಳಗೆ ಬಣ್ಣದ ಔಷಧ ಬಿಡಬೇಕು. ಮೊದಲು ಯಾವುದಾದರೂ ಔಷಧಕ್ಕೆ ಮೈ ಊದಿತ್ತೇ, ಉಬ್ಬಸ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಮೂತ್ರಪಿಂಡ ಹೇಗಿದೆ.

"ಹೆಣ್ಣು ನೋಡಾಕೆ ಬಂದೀಯೇನಪಾ, ಇಷ್ಟು ಕೇಳ್ತೀಯಾ?" ಎಂದ ಬಕ್ಕೇಶಪ್ಪ.

"ಈಗ ಕೇಳ್ಲಿಲ್ಲ ಅಂದ್ರೆ ಆಮ್ಯಾಲೆ ನಾನೇ ಅಳ್ಬೇಕಾಗ್ತೈತೆ ಸಾಹುಕಾರ್ರೆ."

"ಸಕ್ಕರಿ ಐತೆ. ಅದರಿಂದ ಮೂತ್ರಪಿಂಡ ವಸಿ ಸೋತೈತೆ ಅಂದಿದ್ರಂತೆ. ಉಳಿದದ್ದು ಏನೂ ಇಲ್ಲ," ಎಂದ ಬಕ್ಕೇಶಪ್ಪ, ಅತ್ತಿಗೆಯಿಂದ ಕೇಳಿ ತಿಳಿದದ್ದನ್ನು.

ಅಶ್ಫಾಕ್ ಕೈ ತಡೆದ. ಒಳಕೋಣೆಗೆ ಹೋಗಿ ಡಾಕ್ಟರ್ ವಾಣಿಶ್ರೀಗೆ ಹೇಳಿ ಬಂದ. ಸ್ಕ್ಯಾನ್ ಓದುವ ಡಾಕ್ಟರು ಆಕೆ. "ಔಷಧ ಕಮ್ಮಿ ಹಾಕ್ರಿ, ಸಲೈನ್ ಜೋರು ಬಿಡ್ರಿ. ಒಂದೇ ಸಲಕ್ಕೆ ಸರಿಯಾಗಿ ಬರ್ಬೇಕು," ಎಂದಳು. ಹಾಕಿದ ಔಷಧವನ್ನೆಲ್ಲ ಹೊರಗೆ ಹಾಕಬೇಕಾದದ್ದು ಆ ಸೋತ ಮೂತ್ರಪಿಂಡವೇ.

ಗಡಿಯಾರ, ಉಂಗುರ, ಉಡಿದಾರ ಎಲ್ಲ ತೆಗೆದಾಯಿತು. ಗಾಜಿನ ಕಿಟಕಿಯ ಈಚೆ ಬಂದು ಅಶ್ಫಾಕ್ ಮೊದಲು ಒಂದು ಸಾದಾ ಚಿತ್ರ ತೆಗೆದ, ಎದೆ ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಿಕೊಳ್ಳಲು. ಪರದೆಯ ಮೇಲೆ ಪಕ್ಕೆಲುಬಿನ ನಡುವೆ ನಿಂಬೆಹಣ್ಣಿನಂಥದೊಂದು ಬೆಳ್ಳಗೆ ಹೊಳೆಯಿತು.

"ಬನಿಯನ್ ಒಳಗೆ ಲಿಂಗದ ಕರಡಿಗೆ ಐತಲ್ರಿ," ಎಂದ ಅಶ್ಫಾಕ್. "ನಮ್ಮ ಓಣ್ಯಾಗೂ ಭಾಳ ಮಂದಿ ಹಾಕ್ಕಂತಾರೆ, ನಂಗೊತ್ತು. ಬೆಳ್ಳಿ ಇದ್ರೆ ಚಿತ್ರ ಕೆಡ್ತೈತೆ. ನಾನು ಮುಟ್ಟೋದು ಚಂದಲ್ಲ. ನೀವು ತಮ್ಮ, ನೀವೇ ತೆಗೆದು ಬರ್ರಿ."

ಬಕ್ಕೇಶಪ್ಪ ಒಳಗೆ ಹೋದ. ಬನಿಯನ್ ಮೇಲೆ ಸರಿಸಿದ. ಬೆಳ್ಳಿಯ ಕರಡಿಗೆ ಅಣ್ಣನ ಉಸಿರಿನೊಂದಿಗೆ ಏರಿಳಿಯುತ್ತಿತ್ತು. ಅದರೊಳಗಿನ ಲಿಂಗ ಐವತ್ತೈದು ವರ್ಷದಲ್ಲಿ ಒಂದು ದಿನವೂ ಆ ಮೈ ಬಿಟ್ಟಿರಲಿಲ್ಲ. ಶಿವದಾರಕ್ಕೆ ಕೈ ಹಾಕಿದ್ದೇ ತಡ, ಶಿವಯೋಗಪ್ಪ ಕಣ್ಣು ತೆರೆದ.

"ನೀನಾ?" ಎಂದ.

ಆ ಒಂದು ಮಾತಿಗೆ ಬಕ್ಕೇಶಪ್ಪನ ಕೈ ನಿಂತಿತು. ಯಾರು ಬೇಕಾದರೂ ಹೇಳಬಹುದಿತ್ತು ಅದನ್ನು ತೆಗೆ ಅಂತ. ಡಾಕ್ಟರು ಹೇಳಬಹುದಿತ್ತು, ಮಠದ ಸ್ವಾಮಿಗಳು ಹೇಳಬಹುದಿತ್ತು. ಮನೆತನದಲ್ಲಿ ಲಿಂಗ ಇಳಿಸಿದವನು ಒಬ್ಬನೇ; ಅವನೇ ಬಂದು ನೀನೂ ಇಳಿಸು ಅನ್ನುವುದು ಹೇಗೆ?

ಅವನಿಗೆ ಒಂದು ಉಪಾಯ ಹೊಳೆಯಿತು. ಫೋಟೋ ತೆಗೆಯುವಾಗ ಅಡ್ಡ ಬಂದವನನ್ನು ಪಕ್ಕಕ್ಕೆ ಸರಿ ಅನ್ನುತ್ತಾರಲ್ಲ, ಅಷ್ಟೇ. ಕರಡಿಗೆಯನ್ನು ಎದೆಯ ನಡುವಿನಿಂದ ಎತ್ತಿ ಎಡ ಕಂಕುಳ ಕೆಳಗೆ, ಪಕ್ಕೆಗೆ ಒತ್ತಿ, ಬನಿಯನ್ ಎಳೆದು ಮುಚ್ಚಿದ. ಅಣ್ಣ ಕಣ್ಣು ಮುಚ್ಚಿಕೊಂಡ. ಬಕ್ಕೇಶಪ್ಪ ಹೊರಗೆ ಬಂದ.

"ಆತೇನ್ರಿ?"

"ಆತು. ಹಚ್ಚು."

ಅಶ್ಫಾಕ್ ಮತ್ತೆ ಸಾದಾ ಚಿತ್ರ ತೆಗೆಯಲಿಲ್ಲ. ಅಂಥ ವಿಷಯದಲ್ಲಿ ಮನೆಯವರ ಮಾತನ್ನು ನಂಬದೆ ಪರೀಕ್ಷೆ ಮಾಡುವುದು ಅವನಿಗೆ ಸರಿಯೆನಿಸಲಿಲ್ಲ. ಔಷಧ ಹೋಯಿತು. "ಉಸಿರು ಎಳೀರಿ, ಹಿಡೀರಿ," ಎಂದು ಮೈಕಿನಲ್ಲಿ ಕೂಗಿದ. ಉಂಗುರದೊಳಗೆ ಏನೋ ಗಿರ್ರನೆ ತಿರುಗಿತು. ಮಂಚ ಸರಿಯಿತು. ಬಕ್ಕೇಶಪ್ಪನೂ ಗೊತ್ತಿಲ್ಲದೆ ಉಸಿರು ಹಿಡಿದಿದ್ದ.

ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಮೂಡಿದವು. ವಾಣಿಶ್ರೀ ಕುರ್ಚಿ ಎಳೆದುಕೊಂಡು ಕೂತವಳು ಎದ್ದು ನಿಂತಳು. ಎಡಪಕ್ಕದಿಂದ ಬಂಡಿಗಾಲಿಯ ಅರಗಳಂತೆ ಬಿಳಿಯ ಪಟ್ಟೆಗಳು ಎದ್ದು, ನೋಡಬೇಕಾದ ನಾಳದ ಮೇಲೇ ಅಡ್ಡಡ್ಡ ಹಾಯ್ದಿದ್ದವು.

"ಇದೇನಿದು? ಲೋಹ ಒಳಗೇ ಐತಲ್ಲ, ಅಶ್ಫಾಕ್."

ಅಶ್ಫಾಕ್ ಬಕ್ಕೇಶಪ್ಪನ ಕಡೆ ತಿರುಗಿದ. ಬಕ್ಕೇಶಪ್ಪ ಗಾಜಿನಾಚೆ ನೋಡುತ್ತಿದ್ದ.

"ಪಕ್ಕಕ್ಕೆ ಸರಿಸಿದ್ದೆ," ಎಂದ. "ನಡುವೆ ಇಲ್ಲಲ್ಲ ಈಗ."

"ಇದು ಮ್ಯಾಲಿಂದ ತೆಗಿಯೋ ಫೋಟೋ ಅಲ್ರಿ," ವಾಣಿಶ್ರೀಯ ದನಿ ಏರಲಿಲ್ಲ, ಆದರೆ ಗಟ್ಟಿಯಾಯಿತು. "ಸುತ್ತಲೂ ತಿರುಗಿ ಎಲ್ಲಾ ಕಡೆಯಿಂದ ನೋಡ್ತೈತೆ. ಎಲ್ಲಿಟ್ರೂ ಅದರ ನೆರಳು ಅಡ್ಡ ಬೀಳ್ತೈತೆ. ಇಲ್ನೋಡ್ರಿ, ನಾಳದ ಒಳಗೆ ಒಂದು ಗೆರೆ ಕಾಣ್ತೈತೆ. ಇದು ಹರಿದ ಪದರೋ, ನಿಮ್ಮ ಬೆಳ್ಳಿಯ ನೆರಳೋ, ನನಗೆ ಹೇಳಾಕೆ ಬರಂಗಿಲ್ಲ."

ಬಕ್ಕೇಶಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು. ಇಪ್ಪತ್ತೈದು ವರ್ಷ ಲೇತಿನ ಮುಂದೆ ನಿಂತವನು. ಅಲ್ಲಿ ಟೂಲು ನಿಂತಿರುತ್ತದೆ, ಕಬ್ಬಿಣ ತಿರುಗುತ್ತದೆ. ಇಲ್ಲಿ ಮನುಷ್ಯ ಮಲಗಿರುತ್ತಾನೆ, ಟೂಲು ತಿರುಗುತ್ತದೆ. ತಿರುಗುವುದಕ್ಕೆ ಪಕ್ಕ ಅಂತ ಒಂದಿಲ್ಲ. ಇದು ಯಾರಿಗಾದರೂ ಗೊತ್ತಾಗಬೇಕಿದ್ದರೆ ತನಗೇ ಗೊತ್ತಾಗಬೇಕಿತ್ತು.

"ಅಶ್ಫಾಕ್, ನೀವು ಯಾಕ ಇನ್ನೊಂದ್ಸಲ ನೋಡ್ಲಿಲ್ಲ?"

"ಮೇಡಂ, ಅದನ್ನ ನಾನು ಮುಟ್ಬಾರ್ದು ಅಂತ..."

"ಮುಟ್ಟೋದು ಬ್ಯಾಡ. ಇನ್ನೊಂದು ಸಾದಾ ಚಿತ್ರ ತೆಗೆದಿದ್ರೆ ಸಾಕಿತ್ತು."

"ಅವರಿಗೆ ಅನ್ಬ್ಯಾಡ್ರಿ," ಎಂದ ಬಕ್ಕೇಶಪ್ಪ. ದನಿ ಒರಟಾಗಿಯೇ ಇತ್ತು. "ನಾನು ಸುಳ್ಳು ಹೇಳ್ದೆ, ಅವರು ನಂಬಿದ್ರು. ಈಗ ಏನ್ಮಾಡ್ಬೇಕು ಅದನ್ನ ಹೇಳ್ರಿ."

ಅಷ್ಟರಲ್ಲಿ ಹೃದಯದ ಡಾಕ್ಟರು ಬಾಗಿಲಿಗೆ ಬಂದು ನಿಂತಿದ್ದರು. "ಏನು ಬಂತು? ಇಂಜೆಕ್ಷನ್ ಕೊಡ್ಲೋ ಬ್ಯಾಡೋ? ಇನ್ನು ಭಾಳ ಹೊತ್ತು ಕಾಯಾಕೆ ಆಗಲ್ಲ ಮೇಡಂ."

ವಾಣಿಶ್ರೀ ಪರದೆಯನ್ನು ತೋರಿಸಿದಳು. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಮತ್ತೆ ತೆಗೆಯಬೇಕೆಂದರೆ ಮತ್ತೆ ಔಷಧ ಹಾಕಬೇಕು, ಮೂತ್ರಪಿಂಡ ಕೈಕೊಡಬಹುದು. ತೆಗೆಯದೆ ಇಂಜೆಕ್ಷನ್ ಕೊಟ್ಟರೆ, ಕೊಡದೆ ಬಿಟ್ಟರೆ, ಎರಡೂ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ. ಕೊನೆಗೆ ಆಕೆ ಬಕ್ಕೇಶಪ್ಪನ ಕಡೆ ತಿರುಗಿದಳು. "ಇನ್ನೊಂದೇ ಸಲ. ಮೂರನೇದಕ್ಕೆ ನಾನು ಒಪ್ಪಂಗಿಲ್ಲ. ಅದನ್ನ ಎದಿಮ್ಯಾಲಿಂದ ತೆಗೆಸ್ರಿ. ಹೆಂಗ್ ತೆಗೆಸ್ತೀರೋ ನಿಮಗೆ ಬಿಟ್ಟದ್ದು."

ಹೊರಗೆ ಅತ್ತಿಗೆ ಅನ್ನಪೂರ್ಣಮ್ಮ ಸುದ್ದಿ ತಿಳಿದು ಊರಿನದೇ ನಿಟ್ಟುವಳ್ಳಿಯಿಂದ ಆಟೋದಲ್ಲಿ ಬಂದು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು, ಗೋಡೆಗೊರಗಿ ನಿಂತಿದ್ದಳು. ಬಕ್ಕೇಶಪ್ಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ನೀವೇ ಬಂದು ಹೇಳ್ರಿ ಅತ್ತಿಗಿ. ನನ್ನ ಮಾತು ಕೇಳಂಗಿಲ್ಲ ಅವ್ನು."

"ನನ್ನ ಮಾತು ಯಾವತ್ತು ಕೇಳ್ಯಾರೆ?" ಎಂದಳು ಆಕೆ. "ಹೋದ್ ವರ್ಷ ಜ್ವರ ಬಂದು ಮೈಮ್ಯಾಲೆ ಎಚ್ಚರ ಇಲ್ದಾಗ್ಲೂ ಒಂದು ಕೈ ಅದರ ಮ್ಯಾಲೇ ಇತ್ತು. ಪೂಜಿಗೆ ಕುಂತಾಗ ಬಿಟ್ರೆ ಅದು ಎದಿ ಬಿಟ್ಟು ಎಲ್ಲೂ ಹೋಗಂಗಿಲ್ಲ."

ಬಕ್ಕೇಶಪ್ಪ ತಿರುಗಿದವನು ನಿಂತ. "ಏನಂದ್ರಿ?"

"ಪೂಜಿಗೆ ಕುಂತಾಗ..."

ಆಕೆ ಮಾತು ಮುಗಿಸುವ ಮೊದಲೇ ಆತ ಕೈ ಚಾಚಿದ. "ನಿಮ್ಮತ್ರ ಮಡಿ ವಸ್ತ್ರ ಏನಾದ್ರೂ ಐತೇನು? ಶುದ್ಧ ಇರೋದು." ಅನ್ನಪೂರ್ಣಮ್ಮ ಸೊಂಟದ ಚೀಲದಿಂದ ವಿಭೂತಿ ಕಟ್ಟಿದ್ದ ಬಿಳಿಯ ಬಟ್ಟೆಯ ಗಂಟು ತೆಗೆದುಕೊಟ್ಟಳು.

ಒಳಗೆ ಶಿವಯೋಗಪ್ಪನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಬಕ್ಕೇಶಪ್ಪ ತಲೆಯ ಹತ್ತಿರ ಬಗ್ಗಿದ.

"ಅಣ್ಣಾ, ಚಿತ್ರ ಕೆಟ್ಟೈತೆ. ಕೆಡಿಸಿದೋನು ನಾನೇ. ಇನ್ನೊಂದ್ಸಲ ತೆಗೀಬೇಕು."

"ನಿನ್ನಂಗೆ ಬಿಚ್ಚಿಡು ಅಂತೀಯೇನು."

"ಇಲ್ಲ. ಅಂಗೈಗೆ ತಗಾ."

ಶಿವಯೋಗಪ್ಪ ಅವನನ್ನೇ ನೋಡಿದ.

"ಪೂಜಿ ಮಾಡುವಾಗ ಎಡಗೈಯಾಗೆ ಹಿಡಿಯಲ್ಲೇನು ನೀನು? ಹಂಗೇ ಹಿಡಿ. ಹೆಂಗೂ ಎರಡೂ ಕೈ ತಲಿಮ್ಯಾಲೆ ಎತ್ತಿ ಮಲಗ್ಬೇಕು. ಲಿಂಗ ನಿನ್ನ ಮೈಮ್ಯಾಲೇ ಇರ್ತೈತೆ, ಎದಿಮ್ಯಾಲೆ ಇರಂಗಿಲ್ಲ. ಕರಡಿಗಿ ಅತ್ತಿಗಿ ಹತ್ರ ಇರ್ಲಿ, ಅದೇನು ಬರೇ ಬೆಳ್ಳಿ."

ಶಿವಯೋಗಪ್ಪ ಎಡಗೈ ಎತ್ತಲು ನೋಡಿದ. ಬೆರಳುಗಳು ಅರ್ಧ ಮಡಚಿ ಹಾಗೇ ಸೋತು ಬಿದ್ದವು. ಆತನ ಕಣ್ಣಲ್ಲಿ ಅವತ್ತು ಮೊದಲ ಬಾರಿಗೆ ಹೆದರಿಕೆ ಕಂಡಿತು. ನೋವಿಗೆ ಹೆದರಿರಲಿಲ್ಲ, ಸಾವಿಗೂ ಅಷ್ಟಾಗಿ ಹೆದರಿದಂತಿರಲಿಲ್ಲ.

"ಬಿದ್ದೋಕೈತಲೇ. ಕೈಯಾಗೆ ಸತ್ವ ಇಲ್ಲ. ನೆಲಕ್ಕೆ ಬಿದ್ರೆ..."

"ನಾನು ಹಿಡ್ಕಂತೀನಿ."

ಬಾಗಿಲಲ್ಲಿ ಹೃದಯದ ಡಾಕ್ಟರು ಮತ್ತೆ ಬಂದು ಹೋದರು. ಬಕ್ಕೇಶಪ್ಪನಿಗೆ ಚೀರಬೇಕೆನಿಸಿತು, ಹಿಡಿದು ಅಲುಗಿಸಬೇಕೆನಿಸಿತು. ಚೀರದೆ, ಅಲುಗಿಸದೆ, ಎರಡೂ ಅಂಗೈ ಮುಂದೆ ಒಡ್ಡಿ ನಿಂತ.

"ಕೈ ನೋಡು ಹೆಂಗದಾವೆ," ಎಂದ ಶಿವಯೋಗಪ್ಪ. "ಎಣ್ಣಿ, ಮಸಿ. ತೊಳ್ಕಂಡು ಬಾ. ಹಣಿಗೆ ವಿಭೂತಿ ಹಚ್ಕ."

ಬಕ್ಕೇಶಪ್ಪ ಆಸ್ಪತ್ರೆಯ ನಲ್ಲಿಯಲ್ಲಿ ಮೊಳಕೈತನಕ ಸೋಪು ಹಚ್ಚಿ ತಿಕ್ಕಿದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ, ಅದು ಹೋಗುವಂಥದಲ್ಲ. ವಿಭೂತಿ ಬಳಿದುಕೊಂಡು ಬಂದಾಗ ಅಶ್ಫಾಕ್ ಸೀಸದ ಭಾರದ ಅಂಗಿ ಹಿಡಿದು ನಿಂತಿದ್ದ.

"ಇದ್ನ ಹಾಕ್ಕಳ್ರಿ. ಕಿರಣ ನಿಮಗ್ಯಾಕೆ ಸುಮ್ನೆ. ಒಳಗೆ ನಿಂತ್ಕಂಡ್ರೆ ಕೈ ಉಂಗುರದ ಹತ್ರ ಒಯ್ಯಂಗಿಲ್ಲ. ಮಂಚ ಸರಿದಂಗೆ ನೀವೂ ಸರೀಬೇಕು. ಅವರ ಕೈ ಎಳೀಬಾರ್ದು, ಎದಿ ಅಲುಗಿದ್ರೆ ಚಿತ್ರ ಹೋತು."

"ಲೇತಿನಾಗೆ ಟೂಲು ಹೊತ್ತು ಸರಿಯೋ ಕ್ಯಾರೇಜ್ ಹಿಂದೆ ಇಷ್ಟು ವರ್ಷ ಸರಿದೀನಪಾ. ನೀನು ಹಚ್ಚು."

"ಹಚ್ತೀನಿ. ಆದ್ರೆ ಮೊದ್ಲು ನಾನು ನೋಡ್ತೀನಿ," ಎಂದ ಅಶ್ಫಾಕ್. ಈ ಸಲ ಅವನ ದನಿಯಲ್ಲಿ ಮೆತ್ತಗಿನದು ಏನೂ ಇರಲಿಲ್ಲ.

ಕಾಲು ಮುಂದಾಗಿ ಉಂಗುರದೊಳಗೆ ಹೋಗುವಂತೆ ಮಲಗಿಸಿದರು. ತಲೆ, ಎತ್ತಿದ ಕೈಗಳು ಹೊರಗೇ ಉಳಿದವು. ಶಿವಯೋಗಪ್ಪ ಬಲಗೈಯಿಂದ ತಾನೇ ಕರಡಿಗೆ ಬಿಚ್ಚಿದ. ಕಪ್ಪಗೆ ಮಿರುಗುವ ಲಿಂಗವನ್ನು ಬಿಳಿಬಟ್ಟೆ ಹಾಸಿದ ಎಡ ಅಂಗೈಗೆ ಇಳಿಸಿದ. ಆ ಅಂಗೈಯ ಕೆಳಗೆ ಬಕ್ಕೇಶಪ್ಪ ತನ್ನ ಎರಡೂ ಅಂಗೈ ಒಡ್ಡಿದ. ಅಣ್ಣನ ಕೈ ತಣ್ಣಗಿತ್ತು, ಬೇರೆ ಯಾರದೋ ಕೈಯಂತಿತ್ತು. ಬೆರಳುಗಳು ತಾವಾಗಿ ಮುಚ್ಚದಿದ್ದಾಗ ತಾನೇ ಒಂದೊಂದನ್ನೂ ಲಿಂಗದ ಮೇಲೆ ಮಡಚಿದ.

ಸಾದಾ ಚಿತ್ರ ತೆಗೆದರು. ಗಾಜಿನಾಚೆ ಅಶ್ಫಾಕ್ ಎರಡು ಸಲ ನೋಡಿ, ವಾಣಿಶ್ರೀಗೂ ತೋರಿಸಿ, ತಲೆಯಾಡಿಸಿದ. ಎದೆ ಬಯಲಾಗಿತ್ತು.

"ಮೈ ಬಿಸಿ ಆಗ್ತೈತೆ, ಹೆದರ್ಬ್ಯಾಡ್ರಿ. ಉಸಿರು ಎಳೀರಿ. ಹಿಡೀರಿ."

ಶಿವಯೋಗಪ್ಪ ಕಣ್ಣು ಮುಚ್ಚಿದ. ಆ ಮುಖವನ್ನು ಬಕ್ಕೇಶಪ್ಪ ಬಲ್ಲ. ಚಿಕ್ಕವನಿದ್ದಾಗ ಬೆಳಗ್ಗೆ ಪೂಜೆಗೆ ಕೂತ ಅಣ್ಣನ ಪಕ್ಕದಲ್ಲಿ ಕೂತು, ಇವನು ಯಾವಾಗ ಉಸಿರು ಬಿಡುತ್ತಾನೆ ಎಂದು ಕಾಯುತ್ತ ತಾನು ನೋಡುತ್ತಿದ್ದ ಮುಖ ಅದು. ಗಿರ್ರೆಂದಿತು. ಮಂಚ ಸರಿಯಿತು. ಸೀಸದ ಅಂಗಿಯ ಭಾರದಲ್ಲಿ ಬಕ್ಕೇಶಪ್ಪ ಮಂಡಿ ಬಗ್ಗಿಸಿ, ಎಳೆಯದೆ, ಬಿಡದೆ, ಮಂಚದ ಜೊತೆಗೇ ಹೆಜ್ಜೆ ಹಾಕಿದ. ಅಣ್ಣನ ತುಟಿ ನೀಲಿಗಟ್ಟತೊಡಗಿತು. ಇನ್ನಾಗದು, ಕೆಮ್ಮುತ್ತಾನೆ, ಮುಗಿಯಿತು ಅಂದುಕೊಂಡ. ಅಣ್ಣನ ಎದೆ ಕಲ್ಲಿನಂತೆ ನಿಂತಿತ್ತು.

"ಉಸಿರು ಬಿಡ್ರಿ," ಎಂದಿತು ಮೈಕು.

ಗಾಜಿನಾಚೆ ವಾಣಿಶ್ರೀಯ ಬೆನ್ನು ಮಾತ್ರ ಕಾಣುತ್ತಿತ್ತು. ಹೃದಯದ ಡಾಕ್ಟರು ಬಗ್ಗಿದರು. ಆಕೆ ಬೆರಳಿನಿಂದ ಪರದೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದಳು, ಮೇಲಿನಿಂದ ಕೆಳಗೆ. ಡಾಕ್ಟರು ನೆಟ್ಟಗೆ ನಿಂತು ನರ್ಸಿಗೆ ಏನೋ ಹೇಳಿದರು. ನರ್ಸು ಟ್ರೇಯಲ್ಲಿದ್ದ ಸೀಸೆಯನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋದಳು.

ಆ ಸೀಸೆ ಬಾಗಿಲಾಚೆ ಮರೆಯಾಗುವವರೆಗೂ ಬಕ್ಕೇಶಪ್ಪ ನೋಡಿದ.

ವಾಣಿಶ್ರೀ ಒಳಗೆ ಬಂದು ಹೇಳಿದಳು: "ಹರಿದೈತೆ. ಎಡಗೈಗೆ ಹೋಗೋ ಕವಲಿನ ಹತ್ರ ಶುರುವಾಗಿ ಬೆನ್ನಿನ ಕಡೆ ಇಳಿದೈತೆ. ಹೃದಯದ ಕಡೆ ಬಂದಿಲ್ಲ, ಅದು ಪುಣ್ಯ. ಈಗಿಂದೀಗ ಆಪರೇಷನ್ ಬ್ಯಾಡ; ಬಿ.ಪಿ. ಇಳಿಸಿ, ಅಲುಗಾಡದಂಗೆ ಮಲಗಿಸಿ ಕಾಯ್ಬೇಕು. ಮೂತ್ರ ಸರಿಯಾಗಿ ಹೋಗ್ತೈತೋ ಇಲ್ಲೋ ನೋಡ್ಬೇಕು. ಅಪಾಯ ಹೋತು ಅಂತ ನಾನು ಹೇಳಂಗಿಲ್ಲ."

"ಆ ಇಂಜೆಕ್ಷನ್ ಕೊಟ್ಟಿದ್ರೆ?"

"ಇನ್ನು ಕೈ ಇಳಿಸ್ರಿ," ಎಂದಳು ಅಷ್ಟೇ.

ತೀವ್ರ ನಿಗಾ ಕೋಣೆಯಲ್ಲಿ, ತಂತಿಗಳ ನಡುವೆ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಶಿವಯೋಗಪ್ಪನ ಬಲ ರಟ್ಟೆಗೆ ಬಿಗಿದರು. ಹೃದಯದ ಡಾಕ್ಟರು ಅದನ್ನು ನೋಡಿ, ನೋಡದವರಂತೆ ಮುಂದೆ ಹೋದರು. ನೋವಿನ ಮದ್ದು ಹತ್ತಿ ಆತನ ಮುಖದ ಬೂದಿ ಬಣ್ಣ ಸ್ವಲ್ಪ ತಿಳಿಯಾಗಿತ್ತು. ಒಂದೆರಡು ಗುಟುಕು ನೀರು ಕೊಡಬಹುದು ಎಂದು ನರ್ಸು ಸ್ಟೀಲ್ ಲೋಟ ಇಟ್ಟು ಹೋದಳು. ಅತ್ತಿಗೆ ಔಷಧದ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ಕೋಣೆಯಲ್ಲಿ ಇದ್ದದ್ದು ಇಬ್ಬರೇ.

ಬಕ್ಕೇಶಪ್ಪ ಲೋಟದ ಕಡೆ ನೋಡಿದ. ಮುಟ್ಟಲಿಲ್ಲ. "ಅತ್ತಿಗಿ ಬರ್ಲಿ ತಡಿ," ಎಂದ.

"ಲೇತ್ ಬಂದ್ ಮಾಡಿ ಬಂದ್ಯಾ?"

"ಇಲ್ಲ."

"ಹುಚ್ಚ ಅದೀಯಾ." ಶಿವಯೋಗಪ್ಪ ಒಣಗಿದ ನಾಲಿಗೆಯಿಂದ ತುಟಿ ಸವರಿಕೊಂಡ. "ಅಕಿ ಮೆಟ್ಲು ಹತ್ತಿ ಬರಾದು ಯಾವಾಗ. ಬಾಯಿ ಒಣಗೈತೆ. ಶಾಸ್ತ್ರ ಆಮ್ಯಾಲೆ ಮಾತಾಡಾಣ. ಹಾಕು ನೀರು."

ಬಕ್ಕೇಶಪ್ಪ ಲೋಟ ಎತ್ತಿಕೊಂಡ. ಲೋಟ ಓರೆಯಾಗಿ ಒಂದು ಹನಿ ಅಣ್ಣನ ಗದ್ದದ ಮೇಲೆ ಚೆಲ್ಲಿತು.

"ನೆಟ್ಟಗೆ ಹಿಡಿಯಲೇ," ಎಂದ ಶಿವಯೋಗಪ್ಪ. "ಆಗ ಹಿಡಿದಿದ್ದಿ ನೋಡು, ಹಂಗೆ ಹಿಡಿ."